ಮಗಳು ಆರ್ಕೆಸ್ಟ್ರಾ ಕಂಡಕ್ಟರ್ ಆಗುತ್ತೇನೆನ್ನುತ್ತಿದ್ದಾಳೆ: ಈಗ ತೀರ್ಮಾನಿಸಬೇಕಾದದ್ದು ಎಷ್ಟು?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ನಮ್ಮ ಯಜಮಾನರು ಆಲ್ದೂರಿನ ಬಳಿ ಇರುವ ಆರು ಎಕರೆ ಕಾಫಿ ತೋಟವನ್ನು ನೋಡಿಕೊಳ್ಳುತ್ತಾರೆ. ಮಗಳಿಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಒಂಬತ್ತು ವರ್ಷಗಳಿಂದ ಕರ್ನಾಟಕ ಪಿಟೀಲು ಕಲಿತು ಸೀನಿಯರ್ ಪರೀಕ್ಷೆ ಮುಗಿಸಿದ್ದಾಳೆ. ಕೀಬೋರ್ಡಿನಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಯ ಮೂರನೆಯ ಗ್ರೇಡ್ ಆಗಿದೆ. ಕಾಲೇಜಿನ ಗಾಯನ ತಂಡವನ್ನು ಅವಳೇ ತಯಾರು ಮಾಡುತ್ತಾಳೆ. ಕಳೆದ ವರ್ಷದಿಂದ ಪಾಶ್ಚಾತ್ಯ ವಾದ್ಯವೃಂದದ ಕಂಡಕ್ಟರ್ ಆಗಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮ ಮಾವನವರು "ಕಂಡಕ್ಟರ್ ಆಗಲು ಕೆಎಸ್‌ಆರ್‌ಟಿಸಿಗೆ ಅರ್ಜಿ ಹಾಕಿದರೆ ಸಾಕು" ಎಂದು ನಗುತ್ತಾರೆ, ಅದು ನಮ್ಮ ಸಂಗೀತವೇ ಅಲ್ಲವಲ್ಲ ಎಂದೂ ಹೇಳುತ್ತಾರೆ. ನನ್ನ ತಮ್ಮ ಎಂಜಿನಿಯರಿಂಗ್ ಮುಗಿಸಿ ಆಮೇಲೆ ಏನಾದರೂ ಮಾಡಲಿ ಎನ್ನುತ್ತಾನೆ. ಈ ನಡುವೆ ಒಂದು ಸಂಸ್ಥೆಯವರು ಆನ್‌ಲೈನಿನಲ್ಲಿ ಹತ್ತು ತಿಂಗಳ ಕಂಡಕ್ಟಿಂಗ್ ಡಿಪ್ಲೊಮಾ ಕೊಡುತ್ತೇವೆ, ಶುಲ್ಕ ಎರಡೂಮುಕ್ಕಾಲು ಲಕ್ಷ, ಈ ತಿಂಗಳೊಳಗೆ ಕಟ್ಟಿದರೆ ಯುರೋಪಿನಲ್ಲಿ ಪ್ರವೇಶಕ್ಕೂ ಸಹಾಯ ಮಾಡುತ್ತೇವೆ ಎಂದಿದ್ದಾರೆ. ಇಂಥದ್ದೊಂದು ಉದ್ಯೋಗ ನಿಜವಾಗಿ ಇದೆಯೆ? ಅವಳಿಗೆ ತಡವಾಯಿತೆ? ಹೆಣ್ಣುಮಕ್ಕಳಿಗೆ ಅಲ್ಲಿ ಅವಕಾಶವಿದೆಯೆ? ನಾವು ಈಗ ಏನು ಮಾಡಬೇಕು?

ಉತ್ತರ: ಅವಸರದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಆ ಡಿಪ್ಲೊಮಾಕ್ಕೆ ಹಣ ಕಟ್ಟಬೇಡಿ. ಅದನ್ನು ನಡೆಸುವವರು ಪ್ರಾಮಾಣಿಕರೇ ಇರಬಹುದು. ನನ್ನ ಆಕ್ಷೇಪ ಅವರ ಮೇಲಲ್ಲ, ಆ ವಿದ್ಯೆಯನ್ನು ಹಾಗೆ ಕಲಿಸಲು ಸಾಧ್ಯವೆಂಬ ಮಾತಿನ ಮೇಲೆ. ಪಿಟೀಲು ಕಲಿಯುವವಳಿಗೆ ಪಿಟೀಲು ಮನೆಯಲ್ಲಿದೆ, ಬೆಳಿಗ್ಗೆ ಐದಕ್ಕೆ ಎದ್ದು ಸಾಧನೆ ಮಾಡಬಹುದು. ಕಂಡಕ್ಟರನ ವಾದ್ಯವೆಂದರೆ ಎದುರಿಗೆ ಕುಳಿತ ಮನುಷ್ಯರು. ಅವರಿಲ್ಲದೆ ಕನ್ನಡಿಯ ಮುಂದೆ ಕೈಯಾಡಿಸಿ ಕಲಿತದ್ದು ದಡದ ಮೇಲೆ ಮಲಗಿ ಈಜು ಕಲಿತಂತೆ. ನಾನೂ ಚಿಕ್ಕ ವಯಸ್ಸಿನಲ್ಲಿ ವಿದೇಶದ ಒಂದು ಸಂಸ್ಥೆಗೆ ಒಂದು ವರ್ಷದ ಶುಲ್ಕ ಕಟ್ಟಿದ್ದೆ. ಪೂರ್ಣ ವಾದ್ಯವೃಂದದ ಎದುರು ಅಭ್ಯಾಸ ಎಂದು ಅವರ ಪತ್ರಿಕೆಯಲ್ಲಿ ಮುದ್ರಿಸಿದ್ದರು. ಆ ಇಡೀ ವರ್ಷದಲ್ಲಿ ನನ್ನ ಪಾಲಿಗೆ ಬಂದದ್ದು ಎರಡು ಸರದಿ, ಒಟ್ಟು ನಲವತ್ತು ನಿಮಿಷ. ಆದ್ದರಿಂದ ಯಾವ ಕೋರ್ಸಿನ ಬಗ್ಗೆಯೇ ಆಗಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಜೀವಂತ ವಾದಕರ ಎದುರು ವಿದ್ಯಾರ್ಥಿ ಎಷ್ಟು ನಿಮಿಷ ನಿಲ್ಲುತ್ತಾನೆ, ಆ ವಾದಕರು ಯಾರು?

ನಾನು ಬೆಂಗಳೂರಿನಲ್ಲಿ ಪಿಯಾನೊ ಕಲಿತು, ಮುಂದೆ ಜರ್ಮನಿಯ ಸಣ್ಣ ಊರೊಂದರ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಂದಿರದಲ್ಲಿ ಐದು ವರ್ಷ ಗಾಯಕರನ್ನು ಪಿಯಾನೊ ಜೊತೆಗೆ ತಯಾರು ಮಾಡುವ ಕೆಲಸದಲ್ಲಿದ್ದು, ಈಗ ಹಾಸನದಲ್ಲಿ ನೆಲೆಸಿ ಪಾಠ ಹೇಳುತ್ತಿದ್ದೇನೆ. ನಿಮ್ಮಂಥ ಪತ್ರಗಳು ವರ್ಷಕ್ಕೆ ಎರಡೋ ಮೂರೋ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಗಲಿಬಿಲಿಯಿಂದ ಹುಟ್ಟಿದವು, ಆ ಗಲಿಬಿಲಿಗೆ ನಮ್ಮ ಕಡೆಯ ಮಾತಿನ ಬಳಕೆಯೂ ಒಂದು ಕಾರಣ. ಗಣಪತಿ ಹಬ್ಬದಲ್ಲಿ ಚಿತ್ರಗೀತೆಗಳನ್ನು ಹಾಡುವ ತಂಡವನ್ನೂ ನಾವು ಆರ್ಕೆಸ್ಟ್ರಾ ಎನ್ನುತ್ತೇವೆ. ಅಲ್ಲಿ ತಂಡವನ್ನು ಕಟ್ಟಿ ನಡೆಸುವವರ ಕೆಲಸವೇ ಬೇರೆ. ನಿಮ್ಮ ಮಗಳು ಹೇಳುತ್ತಿರುವುದು ಅರವತ್ತು ಎಂಬತ್ತು ವಾದಕರು ಬರೆದಿಟ್ಟ ಸಂಗೀತವನ್ನು ನೋಡಿ ನುಡಿಸುವ, ಅವರೆಲ್ಲರ ಎದುರಿಗೆ ಒಬ್ಬರು ಒಂದು ನಾದವನ್ನೂ ಹೊರಡಿಸದೆ ನಿಲ್ಲುವ ವೃತ್ತಿಯನ್ನು.

ಆ ಒಬ್ಬರು ಮಾಡುವುದಾದರೂ ಏನು? ಸಭೆಯಲ್ಲಿ ತಾಳ ಹಾಕುವ ರಸಿಕರ ಕೈ ಆಗುತ್ತಿರುವುದನ್ನು ಅಳೆಯುತ್ತದೆ. ಕಂಡಕ್ಟರನ ಕೈ ಇನ್ನೂ ಆಗಬೇಕಾದದ್ದನ್ನು ತಿಳಿಸುತ್ತದೆ. ಪೆಟ್ಟು ಬೀಳುವುದಕ್ಕೆ ಮೊದಲು ಕೈ ಮೇಲೇಳುವ ಅರೆಕ್ಷಣದಲ್ಲಿಯೇ ಕಾಲಪ್ರಮಾಣ, ನಾದದ ಗಾತ್ರ, ಕಮಾನು ತಂತಿಯ ಮೇಲೆ ಇಳಿಯಬೇಕಾದ ಬಗೆ ಎಲ್ಲವೂ ವಾದಕರಿಗೆ ಗೊತ್ತಾಗಬೇಕು. 1808ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಲಾದ ಬೀಥೋವನ್ನನ ಐದನೆಯ ಸಿಂಫನಿಯ ಆರಂಭವನ್ನು ನಿಮ್ಮ ಮಗಳು ನೂರು ಸಲ ಕೇಳಿರುತ್ತಾಳೆ. ಆ ಪ್ರಸಿದ್ಧ ಮೂರು ಗಿಡ್ಡ ಸ್ವರಗಳು ಎಣಿಕೆಯ ಮೇಲೆ ಬೀಳುವುದಿಲ್ಲ. ಆವರ್ತದ ಮೊದಲ ಅರ್ಧ ಎಣಿಕೆ ಖಾಲಿ, ಅದರ ನಂತರ ಅವು ಬರುತ್ತವೆ. ಅವಳ ಭಾಷೆಯಲ್ಲಿ ಹೇಳುವುದಾದರೆ ಅದು ಅನಾಗತ ಎಡುಪು, ತಾಳ ಮೊದಲಾದ ಮೇಲೆ ಎತ್ತಿಕೊಳ್ಳುವುದು. ಸಂಗೀತವೇ ಇಲ್ಲದ ಆ ಅರ್ಧ ಎಣಿಕೆಯನ್ನು ಕೈಯಲ್ಲಿ ತೋರಿಸಿ, ಮುಂದಿನ ಮೂರು ಸ್ವರಗಳನ್ನು ಎಲ್ಲ ಕಮಾನುಗಳೂ ಒಟ್ಟಿಗೆ ಹಿಡಿಯುವಂತೆ ಮಾಡುವುದು ಅನುಭವಿಗಳಿಗೂ ಕಷ್ಟ. ಯಕ್ಷಗಾನದ ಭಾಗವತರನ್ನು ಬಲ್ಲ ನಿಮ್ಮ ಮಾವನವರಿಗೆ ಇದನ್ನು ವಿವರಿಸುವುದು ಸುಲಭ. ಚೆಂಡೆ, ಮದ್ದಳೆ, ವೇಷಧಾರಿ ಮೂವರನ್ನೂ ಒಂದು ಸೂತ್ರದಲ್ಲಿ ಹಿಡಿದು, ಎಲ್ಲಿ ಎಳೆಯಬೇಕು, ಎಲ್ಲಿ ಏರಿಸಬೇಕು ಎಂಬುದನ್ನು ಭಾಗವತರು ನಿರ್ಧರಿಸುತ್ತಾರೆ. ವ್ಯತ್ಯಾಸವಿಷ್ಟೆ: ಅವರು ಹಾಡುತ್ತ ನಡೆಸುತ್ತಾರೆ, ಇವರು ಬಾಯಿ ಮುಚ್ಚಿಕೊಂಡು ನಡೆಸಬೇಕು.

ಇನ್ನೂ ಒಂದು ಮಾತು. ವೇದಿಕೆಯ ಮೇಲೆ ಕಾಣುವುದು ಈ ಕೆಲಸದ ಸಣ್ಣ ಭಾಗ. ಎಲ್ಲ ವಾದ್ಯಗಳ ಸ್ವರಗಳನ್ನೂ ಒಟ್ಟಿಗೆ ಬರೆದಿಟ್ಟ ಸ್ಕೋರನ್ನು ತಿಂಗಳುಗಟ್ಟಲೆ ಓದಿ ಮನಸ್ಸಿನಲ್ಲಿ ಕೇಳಿಸಿಕೊಳ್ಳುವುದು, ರಿಹರ್ಸಲಿನಲ್ಲಿ ಯಾವುದನ್ನು ನಿಲ್ಲಿಸಿ ತಿದ್ದಬೇಕು, ಯಾವುದು ತಾನಾಗಿ ಸರಿಹೋಗುತ್ತದೆ ಎಂದು ತಿಳಿಯುವುದು, ತನಗಿಂತ ಮೂವತ್ತು ವರ್ಷ ಹಿರಿಯರಾದ ವಾದಕರಿಗೆ ತಪ್ಪನ್ನು ನೋವಾಗದಂತೆ ಹೇಳುವುದು, ಇವೇ ದೊಡ್ಡ ಭಾಗ. ನಾನು ಬೆಂಗಳೂರಿನಲ್ಲಿ ಮೊದಲ ಸಲ ಒಂದು ಹವ್ಯಾಸಿ ತಂಡದೆದುರು ನಿಂತಾಗ ಹದಿನೆಂಟನೆಯ ಶತಮಾನದ ರಚನಕಾರ ಹೈಡನ್ನನ ಕೃತಿಯೊಂದಕ್ಕೆ ಎರಡೂ ಕೈಗಳನ್ನು ರೆಕ್ಕೆಯಂತೆ ಬೀಸಿದ್ದೆ. ವಿರಾಮದಲ್ಲಿ ಚೆಲ್ಲೊ (ಪಿಟೀಲಿನ ಬಳಗದ ದೊಡ್ಡ ವಾದ್ಯ) ನುಡಿಸುವ ಹಿರಿಯರೊಬ್ಬರು ಹತ್ತಿರ ಬಂದು, "ನಿಮ್ಮ ಕೈ ನೋಡದೇ ಇದ್ದರೆ ನಾವು ಚೆನ್ನಾಗಿಯೇ ನುಡಿಸುತ್ತೇವೆ" ಎಂದರು. ನನಗೆ ಸಿಕ್ಕ ಮೊದಲ ಕಂಡಕ್ಟಿಂಗ್ ಪಾಠ ಅದು, ಅದಕ್ಕೆ ಶುಲ್ಕವೂ ಇರಲಿಲ್ಲ.

ಈಗ ನಿಮ್ಮ ಮನೆಯಲ್ಲಿ ಓಡಾಡುತ್ತಿರುವ ನಂಬಿಕೆಗಳನ್ನು ನೋಡೋಣ. ತಡವಾಯಿತು ಎಂಬ ಭಯಕ್ಕೆ ಇಂದಿನ ವೀಡಿಯೊಗಳೇ ಕಾರಣವೆಂದು ನನ್ನ ಅನಿಸಿಕೆ. ಫಿನ್ಲೆಂಡಿನ ಕ್ಲಾವುಸ್ ಮಾಕೆಲಾ 2020ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಓಸ್ಲೊ ಫಿಲ್ಹಾರ್ಮೋನಿಕ್ ವಾದ್ಯವೃಂದದ ಮುಖ್ಯ ಕಂಡಕ್ಟರ್ ಆದರು ಎಂಬುದನ್ನು ಮಕ್ಕಳು ನೋಡುತ್ತಾರೆ; ಅವರು ಹನ್ನೆರಡನೆಯ ವಯಸ್ಸಿನಲ್ಲೇ ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯಲ್ಲಿ ಯೋರ್ಮಾ ಪನುಲಾ ಅವರ ಬಳಿ ಕಲಿಯತೊಡಗಿದ್ದರು, ಜೊತೆಗೆ ನುರಿತ ಚೆಲ್ಲೊ ವಾದಕರಾಗಿದ್ದರು ಎಂಬುದು ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಶಾರ್ಲ್ ಮ್ಯೂಂಶ್ ವರ್ಷಾನುಗಟ್ಟಲೆ ವಾದ್ಯವೃಂದದಲ್ಲಿ ಪಿಟೀಲು ನುಡಿಸಿ, ನಲವತ್ತು ದಾಟಿದ ಮೇಲೆ, 1932ರಲ್ಲಿ, ಪ್ಯಾರಿಸ್ಸಿನಲ್ಲಿ ಕಂಡಕ್ಟರ್ ಆಗಿ ಮೊದಲು ನಿಂತವರು. 1927ರಲ್ಲಿ ಹುಟ್ಟಿದ ಹೆರ್ಬರ್ಟ್ ಬ್ಲೂಮ್‌ಸ್ಟೆಟ್ ತೊಂಬತ್ತು ದಾಟಿಯೂ ವೇದಿಕೆಯಲ್ಲಿದ್ದವರು. ಈ ವೃತ್ತಿಯಲ್ಲಿ ಹದಿನೇಳು ಎಂಬುದು ತಡವಲ್ಲ. ಆದರೆ ಪಿಯಾನೊ ವಿಷಯಕ್ಕೆ ಹದಿನೇಳು ತಡವೇ. ಅದನ್ನು ಮುಂದೆ ಹೇಳುತ್ತೇನೆ.

ಯಾವ ಸ್ವರ ಕೇಳಿದರೂ ಹೆಸರು ಹೇಳುವ ಹುಟ್ಟುಗಿವಿ ಇರಲೇಬೇಕು ಎಂಬುದು ಇನ್ನೊಂದು ನಂಬಿಕೆ. ಇದ್ದರೆ ಒಳ್ಳೆಯದು, ಇಲ್ಲದೆಯೂ ದೊಡ್ಡವರಾದವರಿದ್ದಾರೆ. ಕರ್ನಾಟಕ ಸಂಗೀತದಲ್ಲಿ ಒಂಬತ್ತು ವರ್ಷ ಕಳೆದ ಕಿವಿಗೆ ಇಲ್ಲಿ ಒಂದು ಅನುಕೂಲವೂ ಇದೆ. ವಾದ್ಯವೃಂದದ ಸ್ಕೋರಿನಲ್ಲಿ ಎಲ್ಲ ವಾದ್ಯಗಳ ಸ್ವರಗಳೂ ಬರೆದಂತೆ ಕೇಳಿಸುವುದಿಲ್ಲ. ಕ್ಲಾರಿನೆಟ್‌ನವರು 'ಸಿ' ಎಂಬ ಸ್ವರವೆಂದು ಬರೆದದ್ದನ್ನು ನುಡಿಸಿದರೆ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿನ 'ಬಿ ಫ್ಲ್ಯಾಟ್' ಕೇಳಿಸುತ್ತದೆ, ಹಾರ್ನ್‌ನವರ 'ಸಿ' ಕೆಳಗಿನ 'ಎಫ್' ಆಗಿ ಕೇಳಿಸುತ್ತದೆ. ಪಾಶ್ಚಾತ್ಯ ವಿದ್ಯಾರ್ಥಿಗಳು ಇದರೊಡನೆ ವರ್ಷಗಟ್ಟಲೆ ಗುದ್ದಾಡುತ್ತಾರೆ. ಒಂದು ಮನೆ ಶ್ರುತಿಯವರ ಷಡ್ಜವೂ ಐದು ಮನೆ ಶ್ರುತಿಯವರ ಷಡ್ಜವೂ ಬರವಣಿಗೆಯಲ್ಲಿ ಒಂದೇ 'ಸ' ಎಂಬುದನ್ನು ಬಾಲ್ಯದಿಂದ ಕಂಡವಳಿಗೆ ಇದರ ತತ್ತ್ವ ಒಂದು ಸಂಜೆಯಲ್ಲಿ ಅರ್ಥವಾಗುತ್ತದೆ. ಲಯದ ಮಾತಂತೂ ಹೇಳಬೇಕಾಗಿಯೇ ಇಲ್ಲ. ಅವಳಿಗೆ ಇಲ್ಲದಿರುವುದು ಹಾರ್ಮನಿಯ ಕಿವಿ, ಒಟ್ಟಿಗೆ ನುಡಿಯುವ ಬೇರೆ ಬೇರೆ ಸ್ವರಗಳನ್ನು ಹಿಡಿಯುವ ಕಿವಿ. ನಮ್ಮ ಸಂಗೀತ ಒಂದು ಎಳೆಯನ್ನು ಹಿಡಿದು ಉದ್ದಕ್ಕೆ ಹರಿಯುತ್ತದೆ. ಅಲ್ಲಿ ಹದಿನೈದು ಎಳೆಗಳು ಒಂದರ ಮೇಲೊಂದು ನಿಲ್ಲುತ್ತವೆ, ಅವುಗಳಲ್ಲಿ ನಡುವಿನ ಒಂದು ವಿಯೊಲಾದ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಶ್ರುತಿ ತುಸು ಕೆಳಗಿದೆ ಎಂದು ಕಿವಿ ಹಿಡಿಯಬೇಕು.

ಹೆಣ್ಣುಮಕ್ಕಳ ಪ್ರಶ್ನೆ. ಈ ಕ್ಷೇತ್ರ ಬಹಳ ಕಾಲ ಗಂಡಸರದ್ದೇ ಆಗಿತ್ತು; ವಿಯೆನ್ನಾ ಫಿಲ್ಹಾರ್ಮೋನಿಕ್ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 1997ರಲ್ಲಿ. 2007ರಲ್ಲಿ ಮರಿನ್ ಆಲ್ಸೊಪ್ ಬಾಲ್ಟಿಮೋರ್ ಸಿಂಫನಿ ವಾದ್ಯವೃಂದದ ಮುಖ್ಯ ಕಂಡಕ್ಟರ್ ಆದದ್ದು ಅಮೆರಿಕದ ದೊಡ್ಡ ವಾದ್ಯವೃಂದಗಳ ಮಟ್ಟಿಗೆ ಮೊದಲು. ಈಗ ಮಹಿಳಾ ಕಂಡಕ್ಟರುಗಳಿಗಾಗಿಯೇ ಪ್ಯಾರಿಸ್ಸಿನಲ್ಲಿ ಲಾ ಮಾಯೆಸ್ತ್ರಾ ಎಂಬ ಸ್ಪರ್ಧೆ ನಡೆಯುತ್ತದೆ. ವಿಠ್ಠಲನ ಪಂಢರಪುರದಲ್ಲಿ ಹುಟ್ಟಿ, ದತ್ತು ಮಗುವಾಗಿ ಡೆನ್ಮಾರ್ಕಿಗೆ ಹೋಗಿ ಬೆಳೆದ ಮಾರಿಯಾ ಬಾಡ್‌ಸ್ಟೂ ಇಂದು ಕಂಡಕ್ಟರ್ ಆಗಿದ್ದಾರೆ. ಬಾಗಿಲು ತೆರೆದಿದೆ, ಪೂರ್ತಿ ತೆರೆದಿದೆ ಎನ್ನಲಾರೆ.

ಇದು ನಮ್ಮ ಸಂಗೀತವಲ್ಲ ಎಂಬ ಮಾವನವರ ಮಾತಿಗೆ ನಮ್ಮ ಮಹಾರಾಜರೇ ಉತ್ತರ. ಪಿಯಾನೊ ಬಲ್ಲವರಾಗಿದ್ದ ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ, ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ, ಮೊದಲ ಬಾರಿಗೆ ಕೇಳಿಬಂದದ್ದು ಈ ಮೈಸೂರಿನವರ ಧನಸಹಾಯದಿಂದ. ಅದೇ ಮಹಾರಾಜರು ಶ್ರೀವಿದ್ಯೆಯ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಅನಿಸಿರಲಿಲ್ಲ.

ಉದ್ಯೋಗ ಇದೆಯೇ ಎಂಬ ಪ್ರಶ್ನೆಗೆ ಮೆತ್ತಗೆ ಉತ್ತರಿಸಿದರೆ ನಿಮಗೆ ಅನ್ಯಾಯವಾಗುತ್ತದೆ. ಭಾರತದಲ್ಲಿ ಪೂರ್ಣ ಪ್ರಮಾಣದ ವೃತ್ತಿಪರ ಸಿಂಫನಿ ವಾದ್ಯವೃಂದ ಇರುವುದು ಒಂದೇ, ಮುಂಬಯಿಯ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅದರ ಋತುಗಳಿಗೂ ಅನೇಕ ವಾದಕರು ಹೊರದೇಶಗಳಿಂದ ಬರುತ್ತಾರೆ. ಆದ್ದರಿಂದ ಕಲಿತು ಬಂದ ಯುವಕ ಯುವತಿಯರಿಗಾಗಿ ಇಲ್ಲಿ ಹುದ್ದೆಗಳು ಕಾದು ಕುಳಿತಿಲ್ಲ. ಮರಳಿ ಬಂದವರು ಗಾಯನ ವೃಂದಗಳನ್ನು ನಡೆಸುತ್ತಾರೆ, ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಸಂಗೀತ ಕಲಿಸುತ್ತಾರೆ, ಚಲನಚಿತ್ರ ಸಂಗೀತಕ್ಕೆ ಸ್ವರಪ್ರಸ್ತಾರ ಬರೆದುಕೊಡುತ್ತಾರೆ. ಮರ್ಯಾದೆಯ ಬದುಕೇ ಅದು, ಆದರೆ ಮಗಳು ಕನಸಿನಲ್ಲಿ ಕಾಣುತ್ತಿರುವುದು ಅದಲ್ಲ ಎಂಬುದು ಅವಳಿಗೆ ಈಗಲೇ ಗೊತ್ತಿರಬೇಕು. ಜರ್ಮನಿಯಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ವಾದ್ಯವೃಂದಗಳೇ ಸುಮಾರು 130 ಇವೆ. ಅಲ್ಲಿ ಹಳೆಯ ಮೆಟ್ಟಿಲುದಾರಿಯೊಂದು ಇನ್ನೂ ಉಳಿದಿದೆ: ಒಪೆರಾ ಮಂದಿರದಲ್ಲಿ ಪಿಯಾನೊ ನುಡಿಸಿ ಗಾಯಕರನ್ನು ತಯಾರು ಮಾಡುವ ಕೊರೆಪೆಟಿಟರ್ ಆಗಿ ಸೇರುವುದು, ಕಂಡಕ್ಟರಿಗೆ ಜ್ವರ ಬಂದ ದಿನ ಒಂದು ಪ್ರದರ್ಶನ ನಡೆಸುವುದು, ಕ್ರಮೇಣ ಕಪೆಲ್‌ಮೈಸ್ಟರ್, ಅಂದರೆ ಮಂದಿರದ ಖಾಯಂ ಕಂಡಕ್ಟರ್, ಆಗುವುದು. ನಾನು ಮೊದಲ ಮೆಟ್ಟಿಲಲ್ಲಿ ಐದು ವರ್ಷ ನಿಂತೆ, ಜ್ವರದ ದಿನಗಳೂ ಬಂದವು, ಮೇಲಿನ ಮೆಟ್ಟಿಲು ಸಿಗಲಿಲ್ಲ. ನನ್ನ ಜೊತೆಯವರಲ್ಲಿ ಹೆಚ್ಚಿನವರ ಕಥೆಯೂ ಅದೇ. ಕೋಪನ್‌ಹೇಗನ್ನಿನ ಮಾಲ್ಕೊ, ಬಾಂಬರ್ಗ್‌ನ ಮಾಹ್ಲರ್ ಮುಂತಾದ ಕಂಡಕ್ಟರುಗಳ ಸ್ಪರ್ಧೆಗಳು ಇನ್ನೊಂದು ದಾರಿ. ವೆನೆಜುವೆಲಾದ ಕಂಡಕ್ಟರ್ ಗುಸ್ತಾವೊ ದುದಾಮೆಲ್ ಅವರ ಹೆಸರು ಜಗತ್ತಿಗೆ ತಿಳಿದದ್ದು 2004ರ ಮೊದಲ ಮಾಹ್ಲರ್ ಸ್ಪರ್ಧೆಯನ್ನು ಗೆದ್ದ ಮೇಲೆ. ಆದರೆ ಅದು ಇಪ್ಪತ್ತರ ನಂತರದ ಮಾತು.

ಇಷ್ಟು ಓದಿದ ಮೇಲೆ ನಿಮಗೆ ಒಂದು ವಿಷಯ ಹೊಳೆದಿರಬಹುದು. ಕಂಡಕ್ಟರ್ ಆಗುವುದೋ ಬೇಡವೋ ಎಂಬ ತೀರ್ಮಾನ ಹದಿನೇಳರಲ್ಲಿ ಆಗಬೇಕಾದದ್ದೇ ಅಲ್ಲ, ಇಪ್ಪತ್ತೆರಡರ ಸುಮಾರಿಗೆ ಆಗಬಹುದಾದದ್ದು. ಮುಂಬಯಿಯಲ್ಲಿ ಹುಟ್ಟಿದ ಪ್ರಸಿದ್ಧ ಕಂಡಕ್ಟರ್ ಜುಬಿನ್ ಮೆಹ್ತಾ ವೈದ್ಯಕೀಯದ ಓದನ್ನು ಬಿಟ್ಟು 1954ರಲ್ಲಿ ಹದಿನೆಂಟರ ಹರೆಯದಲ್ಲಿ ವಿಯೆನ್ನಾಕ್ಕೆ ಹೋದದ್ದು ನಿಜ. ಆದರೆ ಅವರ ತಂದೆ ಮೆಹಲಿ ಮೆಹ್ತಾ ಬಾಂಬೆ ಸಿಂಫನಿಯನ್ನು ಕಟ್ಟಿದವರು, ಮನೆಯ ಕೋಣೆಯಲ್ಲಿಯೇ ರಿಹರ್ಸಲ್ ಕೇಳಿ ಬೆಳೆದ ಹುಡುಗ ಅವರು. ಅಲ್ಲಿಗೆ ಹೋದ ಮೇಲೂ ಹಾನ್ಸ್ ಸ್ವರೋವ್ಸ್ಕಿಯವರ ಬಳಿ ಕಂಡಕ್ಟಿಂಗ್ ಕಲಿಯುತ್ತಲೇ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ನುಡಿಸಿದರು. ಮೊದಲು ಒಂದು ವಾದ್ಯದಲ್ಲಿ ಗಟ್ಟಿಯಾಗದೆ ಈ ದಾರಿಯಲ್ಲಿ ಬಂದವರನ್ನು ನಾನು ಕಂಡಿಲ್ಲ. ಈಗ ನಿಮ್ಮ ಮನೆಯ ಎದುರಿಗಿರುವ ಪ್ರಶ್ನೆ ಅವಳು ಪಾಶ್ಚಾತ್ಯ ಸಂಗೀತದ ವೃತ್ತಿಪರ ವಾದಕಿಯ ಮಟ್ಟಕ್ಕೆ ಬೆಳೆಯಬಲ್ಲಳೇ ಎಂಬುದಷ್ಟೆ.

ಅಲ್ಲಿಯೇ ತೊಡಕು. ಅವಳ ಪಿಟೀಲು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ನೆಲದ ಮೇಲೆ ಕುಳಿತು ಪಿಟೀಲಿನ ತಲೆಯನ್ನು ಕಾಲಿನ ಮೇಲಿಟ್ಟು ನುಡಿಸುವ ಕೈ, ಗಮಕಕ್ಕಾಗಿ ಜಾರುವ ಬೆರಳು, ಸ-ಪ-ಸ-ಪ ಶ್ರುತಿಯ ತಂತಿಗಳು. ಇವನ್ನೆಲ್ಲ ಬಿಟ್ಟು ಗದ್ದದ ಕೆಳಗೆ ಹಿಡಿದು ಪಂಚಮದ ಅಂತರದ ನಾಲ್ಕು ತಂತಿಗಳ ಮೇಲೆ ಹೊಸ ಕೈ ಕಟ್ಟಿಕೊಳ್ಳಲು ನನ್ನ ವಿದ್ಯಾರ್ಥಿಗಳಿಗೆ ಒಂದೂವರೆ ಎರಡು ವರ್ಷ ಹಿಡಿದಿದೆ. ಕೀಬೋರ್ಡಿನ ಮೂರನೆಯ ಗ್ರೇಡಿನವರಿಗೆ ಕನ್ಸರ್ವೇಟರಿಯ (ಪಾಶ್ಚಾತ್ಯ ಸಂಗೀತ ಕಾಲೇಜಿನ) ಆಡಿಷನ್‌ನಲ್ಲಿ ಕುಳಿತುಕೊಳ್ಳಲೂ ಆಗುವುದಿಲ್ಲ. ಎಂಟನೆಯ ಗ್ರೇಡ್ ದಾಟಿದ ಕೈ ಬೇಕು. ಕಂಡಕ್ಟಿಂಗ್ ಪ್ರವೇಶ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಪಿಯಾನೊ ವಾದನ, ಅಲ್ಲಿಯೇ ಕೊಟ್ಟ ಸ್ಕೋರನ್ನು ಪಿಯಾನೊ ಮೇಲೆ ಓದುವುದು, ಕಿವಿಯ ಪರೀಕ್ಷೆ, ಹಾರ್ಮನಿ, ಕೊನೆಗೆ ಎರಡು ಪಿಯಾನೊ ನುಡಿಸುವವರನ್ನು ಕಂಡಕ್ಟರ್ ಆಗಿ ನಡೆಸಿ ತೋರಿಸುವುದು ಇರುತ್ತವೆ. ಅವಳ ದಾರಿಯಲ್ಲಿ ಅಡ್ಡ ಇರುವ ಬಂಡೆ ಪಿಯಾನೊ.

ದಾರಿಗಳನ್ನು ಹೇಳುತ್ತೇನೆ. ಮೊದಲನೆಯದು, ಪಿಯುಸಿ ಮುಗಿದ ಕೂಡಲೇ ವಿದೇಶಕ್ಕೆ ಕಳಿಸುವುದು; ಅದು ಈಗಿನ ತಯಾರಿಯಲ್ಲಿ ಸೋಲಿಗೆ ಕಳಿಸಿದಂತೆ, ಬೇಡ. ಅಂಥ ಸಮಯ ಮುಂದೆ ಬಂದಾಗ ನಿಮಗೆ ಲೆಕ್ಕ ಗೊತ್ತಿರಲಿ: ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಬೋಧನಾ ಶುಲ್ಕವಿಲ್ಲ, ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1500 ಯೂರೊ ಇದೆ. ಆದರೆ ವೀಸಾಕ್ಕಾಗಿ ವರ್ಷದ ಖರ್ಚೆಂದು 11,904 ಯೂರೊ ಬ್ಯಾಂಕಿನಲ್ಲಿ ತೋರಿಸಬೇಕು, ಅಂದರೆ ಸುಮಾರು ಹನ್ನೆರಡು ಲಕ್ಷ ರೂಪಾಯಿ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ. ಕಾಫಿ ದರ ಏರಿದ ವರ್ಷ ನೋಡಿ ತೋಟದ ಮೇಲೆ ಸಾಲ ಎತ್ತಬೇಡಿ. ದರ ಇಳಿಯುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಎರಡನೆಯದು, ದೇಶದೊಳಗೆ ಪೂರ್ಣಾವಧಿ ಪಾಶ್ಚಾತ್ಯ ಸಂಗೀತ ಕಲಿಯುವುದು. ಚೆನ್ನೈಯಲ್ಲಿ 2008ರಲ್ಲಿ ಎ. ಆರ್. ರೆಹಮಾನ್ ಸ್ಥಾಪಿಸಿದ ಕೆ. ಎಂ. ಸಂಗೀತ ಕನ್ಸರ್ವೇಟರಿ ಇಂಥ ಒಂದು ಜಾಗ. ದಿನವಿಡೀ ಸಂಗೀತದವರ ನಡುವೆ ಇರುವುದು, ಜೊತೆಗೂಡಿ ನುಡಿಸುವುದು ಇದರ ದೊಡ್ಡ ಲಾಭ. ಅಪಾಯವೆಂದರೆ ಮೂರು ವರ್ಷದ ಕೊನೆಗೆ ಸಂಗೀತ ಬೇಡವೆನಿಸಿದರೆ ಕೈಯಲ್ಲಿ ಬೇರೆ ಓದು ಇರುವುದಿಲ್ಲ.

ಮೂರನೆಯದು, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಗುರವಾದ ಪದವಿಯೊಂದಕ್ಕೆ ಸೇರಿ, ಪಿಯಾನೊ ಮತ್ತು ಥಿಯರಿಯನ್ನು ಮುಖ್ಯ ಓದೆಂದು ಹಿಡಿಯುವುದು. ಬೆಂಗಳೂರಿನಲ್ಲಿ 1987ರಿಂದ ನಡೆಯುತ್ತಿರುವ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ, ಹವ್ಯಾಸಿ ಗಾಯನ ವೃಂದಗಳಿವೆ, ಜರ್ಮನ್ ಕಲಿಯಲು ಮ್ಯಾಕ್ಸ್‌ಮುಲ್ಲರ್ ಭವನವಿದೆ. ಪ್ರಸಿದ್ಧ ಕಂಡಕ್ಟರುಗಳಲ್ಲಿ ಕಾರ್ಲ್ ಬೋಮ್ ಕಾನೂನಿನಲ್ಲಿ ಡಾಕ್ಟರೇಟ್ ಪಡೆದವರು, ಜುಸೆಪ್ಪೆ ಸಿನೊಪೊಲಿ ವೈದ್ಯಕೀಯ ಓದಿದವರು. ಬೇರೆ ಪದವಿ ಇದ್ದುದರಿಂದ ಅವರಿಗೆ ಬಾಗಿಲು ಮುಚ್ಚಲಿಲ್ಲ. ನಿಮ್ಮ ಮನೆಯ ಸ್ಥಿತಿಗೆ ನಾನು ಒಲವು ತೋರುವುದು ಇದಕ್ಕೆ. ಆದರೆ ನಿಮ್ಮ ತಮ್ಮ ಹೇಳುವ ಎಂಜಿನಿಯರಿಂಗ್ ಇದರೊಳಗೆ ಸೇರುವುದಿಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಲ್ಯಾಬಿನಲ್ಲಿದ್ದು ದಿನಕ್ಕೆ ಮೂರು ನಾಲ್ಕು ಗಂಟೆ ಪಿಯಾನೊ ಸಾಧನೆ ಮಾಡಿದವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ಆಮೇಲೆ ಎಂಬುದು ಇಲ್ಲಿ ಬೇಡ ಎಂಬುದರ ಸೌಮ್ಯ ರೂಪವಷ್ಟೆ.

ಪಿಯುಸಿ ಪರೀಕ್ಷೆಯವರೆಗೆ ಅವಳು ಏನನ್ನೂ ಬದಲಿಸದಿರಲಿ. ಪರೀಕ್ಷೆಯ ನಂತರ ಕೀಬೋರ್ಡನ್ನು ಬದಿಗಿಟ್ಟು, 88 ಕೀಗಳ, ಒತ್ತಿದರೆ ಭಾರ ತಿಳಿಯುವ ಡಿಜಿಟಲ್ ಪಿಯಾನೊ ಕೊಡಿಸಿ. ಡಿಪ್ಲೊಮಾಕ್ಕೆಂದು ಎತ್ತಿಟ್ಟ ಹಣದಲ್ಲಿ ಅದಕ್ಕೂ ಒಂದೆರಡು ವರ್ಷದ ಪಾಠಕ್ಕೂ ಸಾಕಾಗುತ್ತದೆ. ಸ್ಕೋರು ಓದುವ ಅಭ್ಯಾಸವನ್ನು ಸಿಂಫನಿಯಿಂದ ಆರಂಭಿಸದೆ ಬಾಕ್‌ನ ನಾಲ್ಕು ದನಿಯ ಕೋರೇಲ್ ಎಂಬ ಪ್ರಾರ್ಥನಾಗೀತೆಗಳಿಂದ, ಅನಂತರ ಹೈಡನ್ನನ ಕ್ವಾರ್ಟೆಟ್‌ಗಳಿಂದ ಆರಂಭಿಸಲಿ; ಎರಡು ಪಿಟೀಲು, ಒಂದು ವಿಯೊಲಾ, ಒಂದು ಚೆಲ್ಲೊ, ನಾಲ್ಕೇ ಸಾಲು. ಒಂದು ಸಾಲನ್ನು ಹಾಡುತ್ತ ಇನ್ನೊಂದನ್ನು ನುಡಿಸಲಿ. ಕಾಲೇಜಿನ ಗಾಯನ ತಂಡವನ್ನು ಮಾತ್ರ ಬಿಡಬಾರದು. ಈಗ ಅವರು ಒಂದೇ ದನಿಯಲ್ಲಿ ಹಾಡುತ್ತಿದ್ದರೆ ಎರಡು ದನಿ ಬರೆದು ಹಾಡಿಸಲಿ. ಯಾರು ಶ್ರುತಿ ಬಿಡುತ್ತಾರೆ, ಯಾರು ಬೇಸರಿಸಿಕೊಂಡು ಮುಂದಿನ ವಾರ ಬರುವುದಿಲ್ಲ, ಯಾರಿಗೆ ಎಲ್ಲರೆದುರು ತಿದ್ದಿದರೆ ಅಳು ಬರುತ್ತದೆ ಎಂಬುದನ್ನು ಹನ್ನೆರಡು ಜನರಲ್ಲಿ ಕಲಿಯದವಳು ಎಂಬತ್ತು ಜನರಲ್ಲಿ ಕಲಿಯಲಾರಳು. ನಿಮ್ಮ ಪತ್ರದಲ್ಲಿ ನನಗೆ ಭರವಸೆ ಹುಟ್ಟಿಸಿದ ಸಾಲು ಆ ತಂಡದ್ದೇ.

ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಬೇಲೂರಿನ ಮೇಲೆ ಹಾಸನಕ್ಕೆ ಕರೆತನ್ನಿ. ಒಂದು ಪುಟ ಹೈಡನ್ ಕೊಟ್ಟು ನೋಡುತ್ತೇನೆ. ಬರುವಾಗ ಪಿಟೀಲನ್ನೂ ತರಲಿ, ಅದನ್ನು ಬಿಡಿಸುವ ಉದ್ದೇಶ ನನಗಿಲ್ಲ.